ಕೆಡವಿದ ಮನೆಯ ಇಟ್ಟಿಗೆ ಚೂರಿನಲ್ಲಿ ಗಿಡ ಬೆಳೆಸಬಹುದೇ?

ಹಳೆಯ ಮನೆ ಕೆಡವಿದಾಗ ಉಳಿದ ಇಟ್ಟಿಗೆ, ಹೆಂಚು, ಕಾಂಕ್ರೀಟ್ ಚೂರುಗಳನ್ನು ಮಣ್ಣಿನ ಬದಲು ಹಾಕಿ ತಾರಸಿಯಲ್ಲಿ ಗಿಡ ಬೆಳೆಸಬಹುದೇ ಎಂದು ಕೇಳಿದ್ದೀರಿ. ಇಟ್ಟಿಗೆ, ಹೆಂಚು ಧಾರಾಳವಾಗಿ ಬಳಸಿ. ಕಾಂಕ್ರೀಟನ್ನು ದೂರವಿಡಿ.

ಸುಟ್ಟ ಇಟ್ಟಿಗೆಯ ಒಂದು ಚೂರನ್ನು ಬಕೆಟ್ ನೀರಿಗೆ ಹಾಕಿ ನೋಡಿ, ಗುಳ್ಳೆಗಳು ಸಾಲುಗಟ್ಟಿ ಮೇಲೇಳುತ್ತವೆ. ಗಾಳಿ ಬಿಟ್ಟುಕೊಟ್ಟ ಆ ರಂಧ್ರಗಳಲ್ಲಿ ನೀರು ಸೇರಿಕೊಳ್ಳುತ್ತದೆ. ಸಾಧಾರಣ ಇಟ್ಟಿಗೆ ತನ್ನ ತೂಕದ ಶೇ 15ರಿಂದ 20ರಷ್ಟು ನೀರು ಹೀರಬಲ್ಲದು. ಚೂರುಗಳ ಸಂದಿನಲ್ಲಿ ಗಾಳಿಯಾಡುವುದರಿಂದ ಬೇರು ಕೊಳೆಯುವ ಭಯ ಕಡಿಮೆ. ಮಲೆನಾಡಿನ ಮನೆಗಳಲ್ಲಿ ಆರ್ಕಿಡ್, ಆಂಥೂರಿಯಂ ಕುಂಡಗಳಿಗೆ ಹೆಂಚಿನ ಚೂರು, ಇದ್ದಿಲು ತುಂಬುವುದು ಇದಕ್ಕೇ. ಜರ್ಮನಿಯ ಹಸಿರು ಛಾವಣಿಗಳಲ್ಲೂ ಹಳೆಯ ಹೆಂಚು, ಇಟ್ಟಿಗೆಯ ಪುಡಿ ಬಳಸುತ್ತಾರೆ.

ಆದರೆ ಇಟ್ಟಿಗೆಯಲ್ಲಿ ಗಿಡಕ್ಕೆ ಬೇಕಾದ ಸಾರವಿಲ್ಲ. ನಾನು ಎರಡು ಪಾಲು ಚೂರಿಗೆ ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಅಡುಗೆಮನೆ ಕಸದ ಗೊಬ್ಬರ ಬೆರೆಸುತ್ತೇನೆ. ಚೂರು ಬಟಾಣಿಯಿಂದ ನೆಲ್ಲಿಕಾಯಿ ಗಾತ್ರದವರೆಗೆ ಇರಲಿ. ಜರಡಿ ಹಿಡಿದು ನುಣ್ಣನೆಯ ಪುಡಿ ತೆಗೆದುಬಿಡಿ, ಅದು ಕೆಸರಾಗಿ ಕುಂಡದ ತೂತನ್ನೇ ಮುಚ್ಚುತ್ತದೆ.

ಕಾಂಕ್ರೀಟಿನ ತೊಂದರೆ ಅದರ ಕ್ಷಾರ. ಹೊಸ ಕಾಂಕ್ರೀಟಿನ ಪಿಎಚ್ (ಆಮ್ಲ-ಕ್ಷಾರದ ಅಳತೆ, 7 ದಾಟಿದರೆ ಕ್ಷಾರ) 12ಕ್ಕೂ ಹೆಚ್ಚು, ತರಕಾರಿಗಳಿಗೆ ಹಿಡಿಸುವುದು 6ರಿಂದ 7. ಹಳೆಯದು ಮೇಲ್ಮೈಯಲ್ಲಿ ಸೌಮ್ಯವಾಗಿದ್ದರೂ ಒಡೆದಾಗ ಒಳಗಿನ ಕ್ಷಾರ ಹೊರಬರುತ್ತದೆ. ಆಗ ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಎಳೆಯ ಎಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಇಟ್ಟಿಗೆಗೆ ಅಂಟಿದ ಗಾರೆಯನ್ನೂ ಕೆರೆದು ತೆಗೆಯಿರಿ. ಲಂಡನ್ನಿನ ಕೆಲವು ಛಾವಣಿಗಳಲ್ಲಿ ಕಾಂಕ್ರೀಟ್ ಸಮೇತ ಕಟ್ಟಡದ ಚೂರು ಹರಡಿ, ಹಕ್ಕಿಗಳಿಗೆಂದು ಹಾಗೇ ಬಿಟ್ಟಿದ್ದಾರೆ ನಿಜ. ಅವರಿಗೆ ಬೇಕಿದ್ದದ್ದು ಕಳೆ, ನಿಮಗೆ ಬೇಕಿರುವುದು ಬದನೆಕಾಯಿ. ಕಲ್ನಾರಿನ ಶೀಟಿನ ಚೂರು, ಹಳೆಯ ಬಣ್ಣ ಹತ್ತಿದ ಗಿಲಾವು ಮಾತ್ರ ಯಾವ ಕಾರಣಕ್ಕೂ ಬೇಡ.

ನೀವು ಕೇಳದಿದ್ದರೂ ತೂಕದ ವಿಷಯ ಹೇಳಲೇಬೇಕು. ಈ ಮಿಶ್ರಣವನ್ನು 10 ಸೆಂಟಿಮೀಟರ್ ದಪ್ಪ ಹರಡಿದರೆ ನೀರು ಕುಡಿದ ಮೇಲೆ ಚದರ ಮೀಟರಿಗೆ ನೂರು ಕಿಲೋ ದಾಟುವುದು ಸುಲಭ. ಜನ ಓಡಾಡುವ ತಾರಸಿಗೆ ನಮ್ಮ ಭಾರತೀಯ ಮಾನಕದಲ್ಲಿ ಲೆಕ್ಕ ಹಿಡಿಯುವ ಹೊರೆಯೇ ಚದರ ಮೀಟರಿಗೆ ಸುಮಾರು 150 ಕಿಲೋ. ಆದ್ದರಿಂದ ತಾರಸಿಯ ತುಂಬ ಹರಡದೆ, ಕುಂಡಗಳನ್ನು ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ ಸಾಲಾಗಿ ಇಡಿ. ಪೂರ್ತಿ ಹಾಸುವ ಆಸೆಯಿದ್ದರೆ ಮೊದಲು ಎಂಜಿನಿಯರ್ ಒಬ್ಬರಿಗೆ ತಾರಸಿ ತೋರಿಸಿ. ಅಲ್ಲಿಯವರೆಗೆ ದೊಡ್ಡಪತ್ರೆ, ಲೋಳೆಸರದಿಂದ ಶುರು ಮಾಡಬಹುದು. ಅವಕ್ಕೆ ಗೊಬ್ಬರ ಅರ್ಧ ಪಾಲು ಸಾಕು.