ಬೆಟ್ಟಕ್ಕೆ ಬೀಗ ಬೇಡ, ಮೇಷ್ಟ್ರೇ

ಸಕಲೇಶಪುರದ ನಿವೃತ್ತ ಮೇಷ್ಟ್ರೊಬ್ಬರ ಪತ್ರ: "ಭಾನುವಾರ ಬಂತೆಂದರೆ ಹಾನುಬಾಳು ರಸ್ತೆಯಲ್ಲಿ ಕಾರುಗಳ ಸಾಲು. ಸೋಮವಾರ ಹುಲ್ಲಿನಲ್ಲೆಲ್ಲ ಬಾಟಲಿ ಚೂರು. ಐದು ವರ್ಷ ಬೆಟ್ಟಗಳಿಗೆ ಬೀಗ ಹಾಕಲಿ, ಹೋಮ್‌ಸ್ಟೇಗಳನ್ನೂ ಮುಚ್ಚಿಸಲಿ. ಇದನ್ನು ನೀವು ಯಾಕೆ ಬರೆಯುವುದಿಲ್ಲ?"

ಮೇಷ್ಟ್ರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಹುಲ್ಲುಗಾವಲಿನ ಮೇಲೆ ಜೀಪು ಓಡಾಡಿದರೆ ಮಣ್ಣು ಗಟ್ಟಿಯಾಗುತ್ತದೆ, ಮಳೆ ನೀರು ಇಂಗುವುದಿಲ್ಲ. ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ 2025ರ ಸೆಪ್ಟೆಂಬರ್‌ನಿಂದ ಮುಂಗಡ ಬುಕಿಂಗ್ ಕಡ್ಡಾಯ ಮಾಡಿದ್ದು ಒಳ್ಳೆಯದೇ ಆಯಿತು.

ಆದರೆ ಹೋಮ್‌ಸ್ಟೇ ಮುಚ್ಚಿಸಿ ಅಂದಿರಲ್ಲ, ಅದನ್ನು ಓದಿ ಬೇಜಾರಾಯಿತು. ಗುಡ್ಡ ಕೊರೆದು ಈಜುಕೊಳ ಕಟ್ಟಿದ ರೆಸಾರ್ಟೂ, ಎರಡು ರೂಮು ಬಿಟ್ಟುಕೊಟ್ಟ ಮನೆಯೂ ಒಂದೇನಾ? ಮೂಡಿಗೆರೆ ಕಡೆ ಅಂಥದೊಂದು ಮನೆ ನನಗೆ ಗೊತ್ತು. ಎರಡೆಕರೆ ಅರೇಬಿಕಾ ಕಾಫಿಯನ್ನು ಕಾಂಡಕೊರಕ ಹುಳ ತಿಂದಿತ್ತು. ಗದ್ದೆಯನ್ನು ಆನೆ ಕಾಟಕ್ಕೆ ಪಾಳು ಬಿಟ್ಟಿದ್ದರು. ಈಗ ಆ ಮನೆಯಾಕೆ ಬೆಳಗ್ಗೆ ಕಡುಬು ಬೇಯಿಸುತ್ತಾರೆ, ಮಳೆಗಾಲದಲ್ಲಿ ಕಳಲೆ ಪಲ್ಯ. ಹಾಲು ಪಕ್ಕದ ಮನೆಯದು, ನಾಟಿಕೋಳಿ ಕೆಳಗಿನ ಹಾಡಿಯದು. ಗುಡ್ಡಕ್ಕೆ ಹೊರಟವರ ಕಾಲಿಗೆ ಇಂಬಳ (ಜಿಗಣೆ) ಹತ್ತದಂತೆ ಸುಣ್ಣ, ಹೊಗೆಸೊಪ್ಪು ಹಚ್ಚಿಸುತ್ತಾರೆ. ಜೊತೆಗೆ ಒಂದು ಖಾಲಿ ಚೀಲ ಕೊಡುತ್ತಾರೆ. ಸಂಜೆ ಬಂದವರು ಆ ಚೀಲ ತೋರಿಸಬೇಕು, ಕಸ ಎಲ್ಲಿ ಅಂತ ಕೇಳಿಯೇ ಕೇಳುತ್ತಾರೆ. ಯಾವ ಗಾರ್ಡ್ ಹಾಗೆ ಕೇಳುತ್ತಾನೆ ಹೇಳಿ? ಬೆಂಗಳೂರಲ್ಲಿ ಡೆಲಿವರಿ ಕೆಲಸ ಮಾಡುತ್ತಿದ್ದ ಮಗ ವಾಪಸ್ ಬಂದಿದ್ದಾನೆ. ಮುಚ್ಚಿಸಿದರೆ ಅವನು ಮತ್ತೆ ಬಸ್ ಹತ್ತಬೇಕು. ಮಕ್ಕಳಿಲ್ಲದ ಶಾಲೆ ನೋಡಿದ ಮೇಷ್ಟ್ರು ನೀವು, ನಿಮಗೆ ಇದನ್ನು ನಾನು ಹೇಳಬೇಕಾ?

ಲಡಾಖ್‌ನ ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗೆ ರುಂಬಾಕ್ ಅಂತ ಊರಿದೆ. ಹಿಮಚಿರತೆ ಕೊಟ್ಟಿಗೆಗೆ ನುಗ್ಗಿ ಕುರಿ ಕೊಲ್ಲುತ್ತಿತ್ತು, ಜನ ಅದರ ಮೇಲೆ ಹಗೆ ಸಾಧಿಸುತ್ತಿದ್ದರು. ಅಲ್ಲಿ ಹೆಂಗಸರೇ ಮನೆಗಳಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳಲು ಶುರು ಮಾಡಿದರು. ಆದಾಯದಲ್ಲಿ ಒಂದು ಪಾಲು ಊರಿನ ನಿಧಿಗೆ. ಚಿರತೆ ನೋಡಲು ಜನ ಬರುತ್ತಾರೆ ಅಂದಮೇಲೆ ಅದನ್ನು ಉಳಿಸಿಕೊಳ್ಳುವ ಮನಸ್ಸು ತಾನಾಗಿ ಬಂತು. ಭೂತಾನ್ ಪ್ರವಾಸಿಗಳಿಂದ ದಿನಕ್ಕಿಷ್ಟು ಅಂತ ಶುಲ್ಕ ತೆಗೆದುಕೊಳ್ಳುತ್ತದೆ, ನಮ್ಮವರಿಗೆ 1,200 ರೂಪಾಯಿ. ಜನ ಕೊಟ್ಟೇ ಹೋಗುತ್ತಾರೆ.

ನಮ್ಮಲ್ಲಿ ಮಾತ್ರ ಬೆಟ್ಟದ ವಿಚಾರ ಬೆಟ್ಟದವರನ್ನು ಬಿಟ್ಟು ತೀರ್ಮಾನವಾಗುತ್ತದೆ. ಶಿರಾಡಿ ಹೆದ್ದಾರಿ ಅಗಲ ಮಾಡಲು ದೋಣಿಗಾಲ್ ಹತ್ತಿರ ಗುಡ್ಡವನ್ನು ನೆಟ್ಟಗೆ ಕಡಿದರು, ಮಳೆಗಾಲದಲ್ಲಿ ಅದು ಜಾರುತ್ತಿದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಕುಸಿದು ಜನ ಮನೆ, ತೋಟ ಎರಡೂ ಕಳೆದುಕೊಂಡರು. ವ್ಯೂ ಪಾಯಿಂಟಿಗೆ ಡಾಂಬರು ಬೇಗ ಬರುತ್ತದೆ, ಹಳ್ಳ ದಾಟಿ ಶಾಲೆಗೆ ಹೋಗುವ ಮಕ್ಕಳಿಗೆ ಒಂದು ಕಾಲುಸಂಕ ಬರುವುದಿಲ್ಲ. ಬೆಟ್ಟದ ಗೇಟಿನಲ್ಲಿ ಪ್ರವಾಸಿಗಳು ಕೊಟ್ಟ ದುಡ್ಡಿನಲ್ಲಿ ಅಲ್ಲಿನ ಊರಿಗೆ ಎಷ್ಟು ಬಂತು ಅಂತ ಒಂದು ಬೋರ್ಡ್ ಬರೆದು ಹಾಕಲು ಏನು ಕಷ್ಟ?

ನಿಮ್ಮ ಮಾತಿಗೆ ಊರಲ್ಲಿ ಬೆಲೆ ಇದೆ ಮೇಷ್ಟ್ರೇ. ಬೀಗ ಕೇಳುವ ಬದಲು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಆ ಲೆಕ್ಕ ಕೇಳಿ. ಏನು ಉತ್ತರ ಬಂತು ಅಂತ ಬರೆದು ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇವೆ.

– ಸಂಪಾದಕ