ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳಿಗೆ ಪಾಲಿದೆ

ಅಕ್ಕಾ, ಸೋಮವಾರಪೇಟೆ ಕಡೆಯ ತಾತನ ಕಾಲದ ಕಾಫಿ ತೋಟದ ಬಗ್ಗೆ ನೀವು ಬರೆದದ್ದು ಓದಿದೆ. ಅಪ್ಪ 2001ರಲ್ಲೇ ಹೋದರು, ನಿನಗೆ ಪಾಲಿಲ್ಲ ಅಂತ ಅಣ್ಣ ಹೇಳ್ತಿರೋದು ಸುಪ್ರೀಂ ಕೋರ್ಟಿನ 2015ರ ಫೂಲವತಿ ತೀರ್ಪಿನ ಮಾತು. ಅದನ್ನು ಸುಪ್ರೀಂ ಕೋರ್ಟೇ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತಳ್ಳಿಹಾಕಿದೆ. ಪಿತ್ರಾರ್ಜಿತದಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ಅಪ್ಪ ಬದುಕಿರಲೇಬೇಕು ಅಂತಿಲ್ಲ. ಮದುವೆಯಾಗಿದ್ದರೂ ಅಷ್ಟೇ.

ತೊಡಕಿರೋದು ಪಾಲುಪಟ್ಟಿಯಲ್ಲಿ. ಆ ತಿದ್ದುಪಡಿಯೇ ಗಡುವಾಗಿ ಇಟ್ಟ 2004ರ ಡಿಸೆಂಬರ್ 20ಕ್ಕೆ ಮೊದಲೇ ಅದು ನೋಂದಣಿಯಾಗಿದ್ದರೆ ಅಲುಗಾಡಿಸೋದು ಕಷ್ಟ. ಬಾಯಿಮಾತಲ್ಲಿ ಹಂಚಿಕೊಂಡೆವು ಅಂದರೆ ಸಾಮಾನ್ಯವಾಗಿ ನಿಲ್ಲಲ್ಲ. ಪೌತಿ ಖಾತೆಯಾಗಿ (ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಗಿ) ಪಹಣಿಯಲ್ಲಿ ಅಣ್ಣನ ಹೆಸರೊಂದೇ ಇದೆ ಅಂತ ದಯವಿಟ್ಟು ಹೆದರಬೇಡಿ, ಅಷ್ಟರಿಂದಲೇ ಮಾಲೀಕತ್ವ ಬರಲ್ಲ. ಕೊಡಗಿನ ವಿಶೇಷ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಬಾಣೆ ಸೇರಿದ್ದರೆ ಮಾತ್ರ ಲೆಕ್ಕ ಬೇರೆ, ಮಡಿಕೇರಿಯಲ್ಲಿ ಅದನ್ನು ಬಲ್ಲ ವಕೀಲರನ್ನೇ ಕಾಣಿ. ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ.