ಮೊನೆಂವಾಸಿಯಾದಲ್ಲಿ ಒಂದೇ ದಿನ ಇದ್ದರೆ ಯಾವ ಚರ್ಚ್‌ಗಳನ್ನು ನೋಡಬೇಕು?

ಗ್ರೀಸ್‌ನ ಮೊನೆಂವಾಸಿಯಾದಲ್ಲಿ ಒಂದೇ ದಿನ ಇರುತ್ತೇವೆ, ಅಮ್ಮನಿಗೆ ಮಂಡಿನೋವು, ಯಾವ ಹಳೆಯ ಚರ್ಚ್‌ಗಳನ್ನು ನೋಡಬಹುದು ಅಂತ ಕೇಳಿದ್ದೀರಿ. ಎರಡು ನೋಡಿ, ಸಾಕು. ಕೆಳಗಿನ ಊರಿನ ಚೌಕದಲ್ಲಿರುವ ಎಲ್ಕೋಮೆನೋಸ್, ಬಂಡೆಯ ಮೇಲಿರುವ ಆಯಿಯಾ ಸೋಫಿಯಾ. ಬೇರೆ ಚರ್ಚ್‌ಗಳೂ ಬೇಕಾದಷ್ಟಿವೆ. ಆದರೆ ಚಿಕ್ಕವಕ್ಕೆ ಎಷ್ಟೋ ಸಲ ಬೀಗ ಹಾಕಿರುತ್ತಾರೆ.

ಅಮ್ಮನಿಗೆ ಎಲ್ಕೋಮೆನೋಸ್ ಸರಿ. ಕೋಟೆ ಬಾಗಿಲಿನ ಒಳಗೆ ಗಾಡಿ ಬಿಡುವುದಿಲ್ಲ, ಅಲ್ಲಿಂದ ಕಲ್ಲುಹಾಸಿನ ಬೀದಿಯಲ್ಲಿ ನಿಧಾನವಾಗಿ ನಡೆದರೆ ಚೌಕ ಸಿಗುತ್ತದೆ. ಶಿಲುಬೆಯ ಕಡೆಗೆ ಎಳೆದೊಯ್ಯಲಾದ ಕ್ರಿಸ್ತನ ಹೆಸರಿನ ಚರ್ಚ್ ಇದು. ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ ನವಿಲುಗಳಿವೆ, ತಲೆ ಎತ್ತಿ ನೋಡಿ. ಇಲ್ಲಿದ್ದ ಹೆಸರಾಂತ ಕ್ರಿಸ್ತನ ಚಿತ್ರವನ್ನು 12ನೇ ಶತಮಾನದ ಕೊನೆಯಲ್ಲಿ ಬೈಜಾಂಟೈನ್ ಚಕ್ರವರ್ತಿ ಎರಡನೇ ಐಸಾಕ್ ತನ್ನ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ (ಈಗಿನ ಇಸ್ತಾಂಬುಲ್) ಒಯ್ದ. ಶಿಲುಬೆಗೇರಿಸಿದ ದೃಶ್ಯದ ಇನ್ನೊಂದು ಹಳೆಯ ಚಿತ್ರ 1979ರಲ್ಲಿ ಕಳುವಾಯಿತು. ಪುಣ್ಯಕ್ಕೆ ಅದು ಸಿಕ್ಕಿತು, ಅಥೆನ್ಸ್‌ನಲ್ಲಿ ಬಹಳ ವರ್ಷ ಇದ್ದು 2011ರಲ್ಲಿ ಊರಿಗೆ ವಾಪಸ್ ಬಂತು. ಅದನ್ನು ನೋಡದೆ ಬರಬೇಡಿ. ಎದುರಿಗಿರುವ ಹಳೆಯ ಮಸೀದಿ ಕಟ್ಟಡದಲ್ಲಿ ಈಗ ಪುಟ್ಟ ಮ್ಯೂಸಿಯಂ ಇದೆ.

ಆಯಿಯಾ ಸೋಫಿಯಾಗೆ ನೀವು ಬೆಳಿಗ್ಗೆಯೇ ಹೊರಡಿ. ಅಂಕುಡೊಂಕು ದಾರಿ, ನೆರಳು ಕಡಿಮೆ, ಕಲ್ಲುಗಳು ಸವೆದು ನುಣುಪಾಗಿವೆ, ಅಮ್ಮನಿಗೆ ಬೇಡವೇ ಬೇಡ. ಮೇಲೆ ಹೋದರೆ ಪಾಳುಬಿದ್ದ ಊರಿನ ನಡುವೆ, ಪ್ರಪಾತದ ಅಂಚಿನಲ್ಲಿ ಚರ್ಚ್ ನಿಂತಿದೆ. 12ನೇ ಶತಮಾನದ್ದು. ನನಗೆ ಇಡೀ ಊರಿನಲ್ಲಿ ಅತಿ ಇಷ್ಟವಾದ ಜಾಗ. ಒಳಗೆ ಹೋಗಿ ನಡುವೆ ನಿಂತುಕೊಳ್ಳಿ. ಅಷ್ಟು ದೊಡ್ಡ ಗುಮ್ಮಟದ ಭಾರ ಎಂಟು ಕಡೆ ಹಂಚಿಹೋಗಿದೆ, ಹಾಗಾಗಿ ನಡುವೆ ಒಂದು ಕಂಬವೂ ಇಲ್ಲ. ಅಥೆನ್ಸ್ ಹತ್ತಿರದ ದಾಫ್ನಿ ಮಠವನ್ನೂ ಇದೇ ಬಗೆಯಲ್ಲಿ ಕಟ್ಟಿದ್ದಾರೆ. ಮುಂಭಾಗದ ಮೊಗಸಾಲೆ ವೆನಿಸ್‌ನವರದ್ದು. ತುರ್ಕರ ಕಾಲದಲ್ಲಿ ಇದು ಮಸೀದಿಯಾಗಿತ್ತು, ಗೋಡೆಯ ಚಿತ್ರಗಳಿಗೆ ಸುಣ್ಣ ಬಳಿದಿದ್ದರು. 1821ರಲ್ಲಿ ಊರು ಗ್ರೀಕರ ಕೈಗೆ ಬಂದ ಮೇಲೆ ಮತ್ತೆ ಚರ್ಚ್ ಆಯಿತು. ಈಗ ಅಲ್ಲಲ್ಲಿ ಕಾಣುವ ಮಾಸಿದ ಮುಖಗಳು ಆ ಸುಣ್ಣದಡಿ ಉಳಿದವು. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೂ ಕಾಯಿರಿ, ಒಂದೊಂದಾಗಿ ಕಾಣಿಸುತ್ತವೆ. ಮೇಲಿನ ಊರಿನಲ್ಲಿ ಆಗಾಗ ದುರಸ್ತಿ ಕೆಲಸ ನಡೆಯುತ್ತದೆ, ದಾರಿ ತೆರೆದಿದೆಯಾ ಅಂತ ಹಿಂದಿನ ದಿನ ವಿಚಾರಿಸಿಕೊಳ್ಳಿ.

ಬಟ್ಟೆ ಬಗ್ಗೆಯೂ ಕೇಳಿದ್ದಿರಿ. ಭುಜ, ಮಂಡಿ ಮುಚ್ಚಿದ್ದರೆ ಸಾಕು, ಅಮ್ಮನ ಸೀರೆಗೆ ಯಾರೂ ಏನೂ ಅನ್ನುವುದಿಲ್ಲ. ಮೇಣದ ಬತ್ತಿ ಹಚ್ಚಬೇಕು ಅನಿಸಿದರೆ ಡಬ್ಬಿಗೆ ನಾಣ್ಯ ಹಾಕಿ, ಹಚ್ಚಿ, ಮರಳಿನಲ್ಲಿ ನೆಡಿ. ಸಂತರ ಚಿತ್ರಗಳ ಅಡ್ಡಗೋಡೆಯ ಆಚೆ ಪಾದ್ರಿಗಳ ಜಾಗ, ಅಲ್ಲಿಗೆ ಹೋಗಬಾರದು. ಪ್ರಾರ್ಥನೆ ನಡೆಯುತ್ತಿದ್ದರೆ ಫೋನ್ ಒಳಗಿಟ್ಟು ಹಿಂದೆ ನಿಲ್ಲಿ.